ಅರಸ ಬೇಡ, ‘ಬಿತ್ತು’ ಸಾಕು

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಆಫೀಸಿನ ರಿಲೀಸು, ರಾತ್ರಿ ಹತ್ತರ ಕಾಲ್‌ಗಳು, ಅದರ ಮಧ್ಯೆ ಮಗರಾಯ... ಹಾಗಾಗಿ ಮುಂದಕ್ಕೆ ಹೋಗ್ತಾನೇ ಇತ್ತು. ಇವತ್ತು ಭಾನುವಾರ. ಅವನು ಮಲಗಿದ್ದಾನೆ, ಕರೆಂಟೂ ಇದೆ. ಬರೆದೇ ಬಿಡ್ತೀನಿ.

ನೇರವಾಗಿ ಹೇಳಿಬಿಡ್ತೀನಿ. ‘ಪುಟಾಣಿಗಳಿಗೆ ಸರಳ ಪುಸ್ತಕ’ ಅಂತ ಅಂಗಡೀಲಿ ಕೊಡೋ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಓದು ಕಲಿಯೋ ಮಗುವಿಗೆ ಮಾತ್ರ ಸರಳ. ಮಾತೇ ಇನ್ನೂ ಬರದಿರೋ ಮಗುವಿಗೆ ಅವು ಬೆಟ್ಟದಷ್ಟು ಕಷ್ಟ. ಈ ಎರಡು ಸರಳಗಳ ನಡುವಿನ ವ್ಯತ್ಯಾಸ ನಮ್ಮ ಪ್ರಕಾಶಕರಿಗೂ ಗೊತ್ತಾಗಿಲ್ಲ, ಉಡುಗೊರೆ ಕೊಡೋ ನೆಂಟರಿಗೂ ಗೊತ್ತಾಗಿಲ್ಲ ಅನ್ನೋದು ನನ್ನ ದೂರು.

ನನ್ನ ಮಗನಿಗೆ ಈಗ ಎರಡು ವರ್ಷ ಮೂರು ತಿಂಗಳು. ಅವನ ಬಾಯಲ್ಲಿ ಇರೋದು ಆರು ಪದ: ಅಮ್ಮ, ಬಾ, ಬೇಡ, ಮಮ್ಮು, ಟಾಟಾ, ಕಾಕಾ (ಕಾಗೆ). ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ಎರಡೆರಡು ಪದ ಸೇರಿಸಿ ಹೇಳೋದು, ಇದು ವಾಕ್ ತಜ್ಞರು ನೋಡೋ ಒಂದು ಒರಟು ಅಳತೆ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥ ಆಗುತ್ತೆ. ಚಪ್ಪಲಿ ತಾ ಅಂದ್ರೆ ತರ್ತಾನೆ, ಅದೂ ಇಬ್ಬರದೂ ಸರಿಯಾಗಿ ಹುಡುಕಿ. ಆದ್ರೆ ಬಾಯಿ ಬಿಡಲ್ಲ.

ನಮ್ಮ ಮನೆ ಚಾಮರಾಜಪೇಟೆ. ಹತ್ತು ನಿಮಿಷ ನಡೆದರೆ ಕನ್ನಡ ಸಾಹಿತ್ಯ ಪರಿಷತ್ತು. 1915ರಲ್ಲಿ ಶುರುವಾದ ಸಂಸ್ಥೆ, ಎಂಟು ಸಂಪುಟದ ಕನ್ನಡ ನಿಘಂಟು ತಂದ ಸಂಸ್ಥೆ. ಅದರ ಮುಂದೆ ಮಗನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗುವಾಗ ಒಂದೊಂದು ಸಲ ನಗು ಬರುತ್ತೆ. ಅಲ್ಲಿ ಎಂಟು ಸಂಪುಟ, ಇಲ್ಲಿ ಆರು ಪದ :-) ಒಂದೊಂದು ಸಲ ನಗು ಬರಲ್ಲ.

ಪುಸ್ತಕದ ವಿಷಯಕ್ಕೆ ಬರೋ ಮುಂಚೆ ಒಂದು ಮಾತು. ಮಾತು ತಡ ಆದ್ರೆ ಮೊದಲು ಮಾಡಬೇಕಾದ್ದು ಪುಸ್ತಕ ಕೊಳ್ಳೋದಲ್ಲ, ಕಿವಿ ಪರೀಕ್ಷೆ. ಮಗು ಶಬ್ದಕ್ಕೆ ತಿರುಗುತ್ತೆ, ಟಿವಿ ಹಾಡಿಗೆ ಕುಣಿಯುತ್ತೆ, ಹಾಗಾಗಿ ಕಿವಿ ಚೆನ್ನಾಗಿದೆ ಅಂತ ನಾವೇ ತೀರ್ಮಾನ ಮಾಡೋ ಹಾಗಿಲ್ಲ. ಕೆಲವು ಸ್ವರ ಮಾತ್ರ ಕೇಳಿಸದೇ ಇರೋ ಮಕ್ಕಳೂ ಇರ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವಿಭಾಗ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಂತೂ 1960ರ ದಶಕದಿಂದ ಇದೇ ಕೆಲಸ ಮಾಡ್ತಿದೆ. ನಮ್ಮ ಮನೇಲಿ ಇದಕ್ಕೂ ಸಾಕಷ್ಟು ಚರ್ಚೆ ಆಯ್ತು. ‘ನಿಮ್ಮ ಮಾವ ಮೂರು ವರ್ಷಕ್ಕೇ ಮಾತಾಡಿದ್ದು, ಗಂಡು ಮಕ್ಕಳೇ ಹಾಗೆ, ಬಜೆ ತೇಯ್ದು ನಾಲಿಗೆಗೆ ಹಚ್ಚು’ ಅಂತ ಅಜ್ಜಿಯ ತೀರ್ಪು. ತಡವಾಗಿ ಮಾತಾಡೋ ಮಕ್ಕಳಲ್ಲಿ ಎಷ್ಟೋ ಜನ ತಾವಾಗೇ ಸರಿಹೋಗ್ತಾರೆ ಅನ್ನೋದೂ ನಿಜವೇ. ಆದ್ರೆ ಯಾರು ಸರಿಹೋಗ್ತಾರೆ, ಯಾರು ಹೋಗಲ್ಲ ಅಂತ ಎರಡನೇ ವರ್ಷದಲ್ಲಿ ಮುಖ ನೋಡಿ ಹೇಳೋಕೆ ಆಗಲ್ಲ. ಹಾಗಾಗಿ ಹೋದ್ವಿ. ಕಿವಿ ಚೆನ್ನಾಗಿದೆ ಅಂತ ಗೊತ್ತಾಯ್ತು. ವಾರಕ್ಕೆ ಒಂದು ದಿನ ಥೆರಪಿ, ಉಳಿದ ಆರು ದಿನ ಮನೇಲಿ ನಾವು. ಆ ಆರು ದಿನಕ್ಕೆ ಪುಸ್ತಕ ಬೇಕಿತ್ತು.

ಗಾಂಧಿ ಬಜಾರ್, ಅವೆನ್ಯೂ ರೋಡ್, ಗಾಂಧಿನಗರ ಎಲ್ಲಾ ಸುತ್ತಿದೆ. ಕೈಗೆ ಸಿಕ್ಕಿದ್ದರಲ್ಲಿ ಹೆಚ್ಚು ಪಾಲು ವರ್ಣಮಾಲೆ. ಅ ಅರಸ, ಆ ಆನೆ, ಇ ಇಲಿ, ಈ ಈಶ, ಉ ಉಡ. ನನಗೂ ಅದೇ ಕಲಿಸಿದ್ದು, ನಿಮಗೂ ಅದೇ ಇರಬೇಕು. ಆದ್ರೆ ಸ್ವಲ್ಪ ಯೋಚನೆ ಮಾಡಿ ನೋಡಿ. ಚಾಮರಾಜಪೇಟೆಯ ಎರಡು ವರ್ಷದ ಹುಡುಗ ಅರಸನನ್ನ ಎಲ್ಲಿ ನೋಡಬೇಕು? ಉಡ ನಾನೇ ನೋಡಿಲ್ಲ. ಈಶನ ಚಿತ್ರ ತೋರಿಸಿದ್ರೆ ನಮ್ಮನೇಲಿ ಅದು ‘ಚಾಮಿ’. ಋಷಿಗೆ ಗಡ್ಡ ಇದ್ರೆ ‘ತಾತ’. ಣ ಬಂದಾಗ ಬಾಣ ಅಂತ ಹಾಕಿ ಅಕ್ಷರವನ್ನ ಪದದ ಕೊನೆಗೆ ತಳ್ಳಿರ್ತಾರೆ. ಙ, ಞ ಬಂದಾಗ ಚಿತ್ರಕಾರರೇ ಕೈ ಚೆಲ್ಲಿರ್ತಾರೆ.

ಇಲ್ಲಿ ಪದಗಳನ್ನ ಆರಿಸಿರೋದು ಅಕ್ಷರ. ಮಗು ಆರಿಸಿಲ್ಲ, ಮಗುವಿನ ದಿನ ಆರಿಸಿಲ್ಲ. ಅಕ್ಷರ ಕಲಿಸೋ ಪುಸ್ತಕದಲ್ಲಿ ಅದು ತಪ್ಪೂ ಅಲ್ಲ. ಆದ್ರೆ ಅದನ್ನೇ ಮಾತು ಕಲಿಸೋ ಪುಸ್ತಕ ಅಂತ ಎರಡು ವರ್ಷದವನ ಕೈಗೆ ಕೊಡೋದು, ಯೂಸರ್ ಯಾರು ಅಂತ ಕೇಳದೇನೇ ಸಾಫ್ಟ್‌ವೇರ್ ಬರೆದ ಹಾಗೆ.

ಇನ್ನೊಂದು ಮಜಾ ಇದೆ. ನಮ್ಮ ವರ್ಗೀಯ ವ್ಯಂಜನಗಳ ಕ್ರಮ ನೋಡಿ. ಕ ಖ ಗ ಘ ಹುಟ್ಟೋದು ಬಾಯಿಯ ಹಿಂಬದಿಯಲ್ಲಿ, ಗಂಟಲ ಹತ್ತಿರ. ಅಲ್ಲಿಂದ ಚ ವರ್ಗ, ಟ ವರ್ಗ, ತ ವರ್ಗ ಅಂತ ಮುಂದೆ ಮುಂದೆ ಬಂದು ಕೊನೆಗೆ ತುಟಿಯ ಪ ಬ ಮ. ಎಂಥಾ ಅಚ್ಚುಕಟ್ಟಾದ ಜೋಡಣೆ! ಯಾವ ಡೇಟಾ ಸ್ಟ್ರಕ್ಚರ್ ಪಾಠದಲ್ಲೂ ನಾನು ಇಷ್ಟು ಚೆಂದದ್ದು ನೋಡಿಲ್ಲ. ಆದ್ರೆ ಮಗು ಬರೋದು ಹೆಚ್ಚುಕಮ್ಮಿ ಉಲ್ಟಾ ದಾರೀಲಿ. ಮೊದಲು ಬರೋದು ಕಣ್ಣಿಗೆ ಕಾಣೋ ತುಟಿಯ ಸದ್ದು: ಮ, ಬ, ಪ. ಅದರ ಜೊತೆಗೆ ತ, ದ, ನ. ರ, ಳ, ಷ ಇವೆಲ್ಲ ಬಹಳ ನಿಧಾನ. ಅಮ್ಮ, ಅಪ್ಪ, ಪಾಪು, ಮಮ್ಮು, ಬಾ, ತಾ... ನಮ್ಮ ಅಜ್ಜಿಯರು ಮಕ್ಕಳ ಜೊತೆ ಆಡೋ ಭಾಷೆ ಪೂರ್ತಿ ಈ ಸದ್ದುಗಳಿಂದಲೇ ಕಟ್ಟಿದ್ದು. ಅನ್ನಕ್ಕೆ ಮಮ್ಮು, ಮಲಗೋಕೆ ತಾಚಿ, ಹಸುವಿಗೆ ಅಂಬಾ, ನಾಯಿಗೆ ಬೌ ಬೌ. ಈ ಪದಗಳು ಪುಸ್ತಕದಲ್ಲಿ ಯಾಕೆ ಇರಬಾರದು? ‘ಅಶುದ್ಧ ಕಲಿಸಬೇಡಿ’ ಅಂತ ಬೈತಾರೆ. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1964ರಲ್ಲಿ ಮರಾಠಿ, ಅರಬ್ಬಿ ಸೇರಿದಂತೆ ಆರು ಭಾಷೆಗಳ ಮಗುಮಾತನ್ನ ಒಟ್ಟಿಗೆ ಇಟ್ಟು ಒಂದು ಪ್ರಬಂಧವನ್ನೇ ಬರೆದ. ಒಂದಕ್ಕೊಂದು ಸಂಬಂಧ ಇಲ್ಲದ ಭಾಷೆಗಳಲ್ಲೂ ಈ ಮಗುಮಾತಿಗೆ ಒಂದೇ ಬಗೆಯ ಚೌಕಟ್ಟು. ನಮ್ಮ ಅಜ್ಜಿಯರು ಏನೋ ತಪ್ಪು ಮಾಡ್ತಿದ್ರು ಅನ್ನೋರು ಇದನ್ನ ಸ್ವಲ್ಪ ಗಮನಿಸಲಿ.

ಅಂದ ಹಾಗೆ, ಮಕ್ಕಳ ಮೊದಲ ಚಿತ್ರ ಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸೋದು ಕೊಮೆನಿಯಸ್‌ನ ‘ಆರ್ಬಿಸ್ ಪಿಕ್ಟಸ್’, 1658ರದ್ದು. ಅದರ ಶುರುವಿನಲ್ಲೇ ಒಂದು ಅಕ್ಷರಮಾಲೆ ಇದೆ. ಅಲ್ಲಿ ಅಕ್ಷರದ ಪಕ್ಕ ರಾಜನೂ ಇಲ್ಲ, ಋಷಿಯೂ ಇಲ್ಲ. ಪ್ರಾಣಿ ಪಕ್ಷಿಗಳು, ಅವು ಮಾಡೋ ಸದ್ದು. ಮೊದಲನೆಯದೇ ಕಾಗೆ. ನನ್ನ ಮಗನ ಕಾಕಾ! 360 ವರ್ಷಕ್ಕಿಂತ ಹಿಂದಿನ ಮೇಷ್ಟ್ರಿಗೆ ಹೊಳೆದದ್ದು ಇದು.

ಕನ್ನಡಕ್ಕೆ ಸದ್ದಿನ ಪದಗಳಿಗೇನು ಬರ? ಪಟಪಟ, ಸರಸರ, ದಡದಡ, ಗಣಗಣ, ಧಡ್, ಟಣ್. ನಮ್ಮ ವ್ಯಾಕರಣಕಾರರು ಇವಕ್ಕೆ ಅನುಕರಣ ಅಂತ ಹೆಸರು ಕೊಟ್ಟು ಎಣಿಸಿಕೊಂಡಿದ್ದಾರೆ. ಇಂಥಾ ಹನ್ನೆರಡು ಸದ್ದು, ಹನ್ನೆರಡು ಚಿತ್ರ, ರಟ್ಟಿನ ಪುಟ. ಅಷ್ಟೇ. ಮಳೆ, ಗಂಟೆ, ಕುಕ್ಕರ್, ಆಟೋ. ಮಾತು ಬರದ ಮಗು ಪದ ಹೇಳೋ ಮುಂಚೆ ಸದ್ದು ಹೇಳುತ್ತೆ. ಅಂಥಾದ್ದೊಂದು ಕನ್ನಡ ಪುಸ್ತಕ ನನ್ನ ಸುತ್ತಾಟದಲ್ಲಿ ಕೈಗೆ ಸಿಗಲಿಲ್ಲ. ಇದ್ದರೆ ದಯವಿಟ್ಟು ತಿಳಿಸಿ, ನಾಳೆಯೇ ಹೋಗಿ ತರ್ತೀನಿ.

ಸಿಕ್ಕಿದ ಇನ್ನೊಂದು ಜಾತಿ ಅಂದ್ರೆ ‘ನೂರು ಪದ’ ಥರದ್ದು. ಒಂದು ಪುಟದಲ್ಲಿ ಇಪ್ಪತ್ತು ಚೌಕ, ಇಪ್ಪತ್ತು ಹಣ್ಣು. ನೋಡಿದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ಸುತ್ತೆ. ಆದ್ರೆ ನೀವು ದಾಳಿಂಬೆ ಅಂತಿರ್ತೀರಿ, ಅವನು ಕಲ್ಲಂಗಡಿ ನೋಡ್ತಿರ್ತಾನೆ. ಮಕ್ಕಳು ಕಥೆ ಪುಸ್ತಕದಿಂದ ಹೊಸ ಪದ ಹೇಗೆ ಕಲೀತಾರೆ ಅಂತ 2018ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ನೋಡಿದ್ರು. ಎದುರುಬದುರು ಎರಡೂ ಪುಟದಲ್ಲಿ ಚಿತ್ರ ಇದ್ದಾಗಿಗಿಂತ ಒಂದು ಸಲಕ್ಕೆ ಒಂದೇ ಚಿತ್ರ ಕಂಡಾಗ ಮಕ್ಕಳು ಹೆಚ್ಚು ಪದ ಕಲಿತ್ರು. ಎರಡು ಚಿತ್ರವೇ ಹೆಚ್ಚಾದ ಮೇಲೆ ಇಪ್ಪತ್ತರ ಕಥೆ ಏನು! ಹಾಲೆಂಡಿನ ಡಿಕ್ ಬ್ರೂನಾ 1955ರಲ್ಲಿ ಮಿಫಿ ಅನ್ನೋ ಮೊಲದ ಪುಸ್ತಕ ಶುರು ಮಾಡಿದಾಗ ಇಟ್ಟುಕೊಂಡ ದಾರಿ ನನಗೆ ಬಹಳ ಇಷ್ಟ. ದಪ್ಪ ಕಪ್ಪು ಗೆರೆ, ಬೆರಳೆಣಿಕೆಯ ಬಣ್ಣ, ಸುತ್ತ ಏನೂ ಇಲ್ಲ. ಕೈಯಲ್ಲಿ ಹಿಡಿಯೋ ಪುಸ್ತಕ. ನಮ್ಮ ಚಿತ್ರಕಾರರಿಗೆ ಮೂಲೇಲಿ ಜಾಗ ಖಾಲಿ ಇದ್ರೆ ಒಂದು ಚಿಟ್ಟೆ ಬರೆಯದೇ ಮನಸ್ಸು ತಡೆಯಲ್ಲ.

ಚಿತ್ರದ ವಿಷಯ ಬಂದಾಗ ಇನ್ನೊಂದು. ಪೂರ್ತಿ ಮಾತು ಬರದ ಮಗುವಿಗೆ ಕನ್ನಡಕ ಹಾಕಿದ ಆನೆ, ಪ್ಯಾಂಟು ಹಾಕಿದ ಕರಡಿ ಬೇಡ. 15 ಮತ್ತು 18 ತಿಂಗಳ ಮಕ್ಕಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ ಪುಸ್ತಕದಲ್ಲಿ ಕಲಿತ ಹೊಸ ಹೆಸರನ್ನ ನಿಜವಾದ ವಸ್ತುವಿಗೆ ಹೊಂದಿಸೋದು ಫೋಟೋದಂಥ ಚಿತ್ರದಲ್ಲಿ ಸುಲಭ ಆಯ್ತು, ಕಾರ್ಟೂನಿನಲ್ಲಿ ಕಷ್ಟ ಆಯ್ತು. ಹಾಗಾಗಿ ಮೊದಲು ಫೋಟೋ, ಆಮೇಲೆ ಬ್ರೂನಾ ಥರದ ಗೆರೆ ಚಿತ್ರ. ಪ್ಯಾಂಟಿನ ಕರಡಿ ನಾಲ್ಕನೇ ವರ್ಷಕ್ಕೆ ಬರಲಿ, ಆಗ ನಗೋಕಾದ್ರೂ ಬರುತ್ತೆ.

ಈಗ ಮುಖ್ಯ ವಿಷಯ. ನಮ್ಮ ಪುಸ್ತಕಗಳಲ್ಲಿ ಇರೋದೆಲ್ಲ ನಾಮಪದ. ಹಣ್ಣು, ತರಕಾರಿ, ಪ್ರಾಣಿ, ವಾಹನ. ಆದ್ರೆ ಮಗುವಿಗೆ ಕೆಲಸಕ್ಕೆ ಬರೋದು ಕ್ರಿಯಾಪದ. ಬಾ, ತಾ, ಕೊಡು, ಬಿತ್ತು, ಹೋಯ್ತು, ಬಂತು, ಆಯ್ತು. ಬದನೆಕಾಯಿ ಅಂತ ಹೇಳಿ ಅವನಿಗೆ ಏನು ಸಿಗುತ್ತೆ? ‘ಬಿತ್ತು’ ಅಂದ್ರೆ ನಾನು ಬಗ್ಗಿ ಚೆಂಡು ಎತ್ತಿ ಕೊಡ್ತೀನಿ. ಅದಕ್ಕೆ ಬೆಲೆ ಇದೆ.

ಇಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ಲೋಟ ಬಿತ್ತು’, ‘ಚಮಚ ಬಿತ್ತು’, ‘ಪಾಪು ಬಿತ್ತು’. ಒಂದೇ ಪದ ಪುಟದಿಂದ ಪುಟಕ್ಕೆ ಕೊನೇಲಿ ಬಂದು ಬೀಳುತ್ತೆ. ನಾಲ್ಕು ಪುಟ ಆದ ಮೇಲೆ ನೀವು ‘ಬಕೆಟ್ಟು...’ ಅಂತ ನಿಲ್ಲಿಸಿ ಅವನ ಮುಖ ನೋಡಿದ್ರೆ ಸಾಕು, ಖಾಲಿ ಜಾಗ ಅವನಿಗೆ ಕಾಣುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ವಾಕ್ಯವನ್ನ ಬೇಕಂತಲೇ ಜೋಡಿಸ್ಕೋಬೇಕು, ನಮಗೆ ಪುಕ್ಕಟೆ. ಮಗುವಿಗೆ ಪುಸ್ತಕವನ್ನ ಓದಿ ಹೇಳೋ ಬದಲು ಮಗುವಿನ ಬಾಯಿಂದ ಹೇಳಿಸೋ ಪದ್ಧತಿಯನ್ನ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಯೋಗ ಮಾಡಿ ತೋರಿಸಿದ್ರು. ಎರಡು ವರ್ಷದ ಆಸುಪಾಸಿನ ಮಕ್ಕಳು, ಒಂದು ತಿಂಗಳು. ಆ ರೀತಿ ಪುಸ್ತಕ ನೋಡಿದ ಮಕ್ಕಳು ಮಾತಿನಲ್ಲಿ ಮುಂದೆ ಹೋದ್ರು. ಅದರ ಒಂದು ಅಂಗ ಈ ವಾಕ್ಯ ಪೂರ್ತಿ ಮಾಡಿಸೋದು.

ಒಂದು ಎಚ್ಚರಿಕೆ. ‘ಇದೇನು? ಇದೇನು? ಇದೇನು?’ ಅಂತ ಬೆರಳಿಟ್ಟು ಕೇಳ್ತಾ ಹೋದ್ರೆ ಅದು ವೈವಾ. ಇಂಜಿನಿಯರಿಂಗ್ ಓದಿದವರಿಗೆ ಗೊತ್ತು, ಎಕ್ಸ್‌ಟರ್ನಲ್ ಎದುರು ಕೂತಾಗ ಬರೋ ಉತ್ತರವೂ ಬರಲ್ಲ. ಮಾತು ತಡವಾದ ಮಗು ದಿನವಿಡೀ ಈ ವೈವಾದಲ್ಲೇ ಇರುತ್ತೆ. ಮನೆಗೆ ಬಂದವರೆಲ್ಲ ‘ಎಲ್ಲಿ, ಅಜ್ಜಿ ಅನ್ನು ನೋಡೋಣ’ ಅಂತ ಶುರು ಮಾಡ್ತಾರೆ. ಪುಸ್ತಕ ಆದ್ರೂ ಅದರಿಂದ ಬಿಡುವು ಕೊಡಲಿ. ಹೇಳಿ, ಸುಮ್ಮನಿರಿ, ಮನಸ್ಸಲ್ಲೇ ಹತ್ತು ಎಣಿಸಿ. ಹತ್ತು ಎಣಿಸೋದು ಎಷ್ಟು ಉದ್ದ ಅಂತ ಆಗ ತಿಳಿಯುತ್ತೆ. ಏನೂ ಹೇಳಲಿಲ್ಲವಾ, ನೀವೇ ‘ಬಿತ್ತು’ ಅಂದು ಪುಟ ತಿರುಗಿಸಿ. ಅದೇ ಪುಸ್ತಕ ನೂರನೇ ಸಲ ತಂದ್ರೂ ಬೇಸರ ಮಾಡ್ಕೋಬೇಡಿ. ಒಂದೇ ಕಥೆಯನ್ನ ಮತ್ತೆ ಮತ್ತೆ ಕೇಳಿದ ಮೂರು ವರ್ಷದ ಮಕ್ಕಳು, ಅದೇ ಪದಗಳನ್ನ ಬೇರೆ ಬೇರೆ ಕಥೇಲಿ ಕೇಳಿದವರಿಗಿಂತ ಚೆನ್ನಾಗಿ ಪದ ಕಲಿತ್ರು ಅಂತ 2011ರ ಅಧ್ಯಯನ ಹೇಳುತ್ತೆ. ಅಂದ್ರೆ ಹತ್ತು ಪುಸ್ತಕದ ಸೆಟ್ಟಿಗಿಂತ ಮೂರು ಒಳ್ಳೇ ಪುಸ್ತಕ ಸಾಕು. ಜೇಬಿಗೂ ಒಳ್ಳೇದು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ಕಡೆ. ಒಂದು ಪ್ಲೇಸ್ಕೂಲಿನಲ್ಲಿ ಸೇರಿಸೋಕೆ ಅಂತ ವಿಚಾರಿಸಿದಾಗ ಅಲ್ಲಿಯ ಮೇಡಂ ಹೇಳಿದ್ರು: ‘ಎರಡು ಭಾಷೆ ಕನ್‌ಫ್ಯೂಸ್ ಮಾಡ್ತಿದೆ ಸರ್, ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ, ಇಂಗ್ಲಿಷ್ ಬುಕ್ಸ್ ಮಾತ್ರ ತೋರಿಸಿ.’ ಇದೇ ಸಲಹೆ ಆಫೀಸಿನಲ್ಲೂ ಇಬ್ಬರು ಕೊಟ್ಟರು. ಎರಡು ಭಾಷೆ ಕೇಳಿ ಬೆಳೆಯೋದರಿಂದ ಮಾತು ತಡ ಆಗಲ್ಲ. ಇದು ಇವತ್ತು ವಾಕ್ ತಜ್ಞರಲ್ಲಿ ಚರ್ಚೆಯ ವಿಷಯವೇ ಅಲ್ಲ. ಪದ ಎಣಿಸುವಾಗ ಎರಡೂ ಭಾಷೆಯ ಪದ ಸೇರಿಸಿ ಎಣಿಸಬೇಕು ಅಷ್ಟೇ. ನಮ್ಮ ಪೇಟೇಲಿ ಎದುರು ಮನೇಲಿ ಉರ್ದು, ಹೂವಿನವರು ತಮಿಳು, ಅಂಗಡಿಯವರು ತೆಲುಗು. ಭಾಷೆ ಹೆಚ್ಚಾದ್ರೆ ಮಾತು ಬರಲ್ಲ ಅನ್ನೋ ಹಾಗಿದ್ರೆ ಚಾಮರಾಜಪೇಟೆ ಪೂರ್ತಿ ಮೌನವಾಗಿರಬೇಕಿತ್ತು.

ಮಗುವಿಗೆ ಬೇಕಾದ್ದು ಅದರ ಜೊತೆ ದಿನವೆಲ್ಲ ಸಲೀಸಾಗಿ ಮಾತಾಡೋ ಜನ. ನನ್ನ ಅಮ್ಮನಿಗೆ ಇಂಗ್ಲಿಷಿನಲ್ಲಿ ಬರೋದು ‘ಥ್ಯಾಂಕ್ಯೂ’ ಮತ್ತು ‘ನೋ ಪಾರ್ಕಿಂಗ್’. ಮಗನ ಜೊತೆ ಹಗಲು ಹೆಚ್ಚು ಹೊತ್ತು ಇರೋದು ಅವರೇ. ಆ ಮೇಡಂ ಮಾತು ಕೇಳಿದ್ರೆ ಅವನಿಗೆ ಒಂದು ಭಾಷೆ ಉಳಿಯಲ್ಲ, ಒಬ್ಬ ಅಜ್ಜಿ ಕಮ್ಮಿ ಆಗ್ತಾರೆ. ಬೇರೆ ಪ್ಲೇಸ್ಕೂಲು ಹುಡುಕ್ತಿದ್ದೀವಿ.

ಕನ್ನಡ ಮಕ್ಕಳ ಉಚ್ಚಾರಣೆ ಅಳೆಯೋಕೆ ಅಂತಲೇ ಒಂದು ಪರೀಕ್ಷೆ 1972ರಲ್ಲೇ ತಯಾರಾಗಿದೆ. ಅಂದ್ರೆ ತಡವಾದ ಮಾತನ್ನ ಕನ್ನಡದಲ್ಲಿ ಅಳೆಯೋಕೆ ಅರ್ಧ ಶತಮಾನದಿಂದ ದಾರಿ ಇದೆ, ಆಮೇಲೆ ಮನೇಲಿ ತೋರಿಸೋಕೆ ಪುಸ್ತಕ ಹುಡುಕಿದ್ರೆ ಅರಸ ಮತ್ತು ಉಡ. ನಮ್ಮ ಬೀದಿಗೆ ಹತ್ತಿರದಲ್ಲೇ ಆರ್. ಕಲ್ಯಾಣಮ್ಮನವರು 1938ರಲ್ಲಿ ಶುರು ಮಾಡಿದ ಮಕ್ಕಳ ಕೂಟ ಇದೆ. ಮಕ್ಕಳಿಗೆ ಅಂತಲೇ ಒಂದು ಜಾಗ ಬೇಕು ಅಂತ ಆ ಕಾಲಕ್ಕೆ ಒಬ್ಬರು ಹೆಂಗಸು ಯೋಚನೆ ಮಾಡಿದ ಪೇಟೆ ಇದು.

ಸಿಕ್ಕ ಒಳ್ಳೇದನ್ನೂ ಹೇಳಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರ ಪುಸ್ತಕಗಳು ರಾಶಿ ಇವೆ, ಪುಕ್ಕಟೆ. ಮುಕ್ತ ಲೈಸೆನ್ಸು, ಹಾಗಾಗಿ ಇಳಿಸ್ಕೋಬಹುದು, ಪ್ರಿಂಟ್ ಹಾಕಬಹುದು, ಪದ ಬದಲಾಯಿಸಿ ನಮ್ಮದೇ ಆವೃತ್ತಿ ಮಾಡಬಹುದು. ಸಾಫ್ಟ್‌ವೇರಿನಲ್ಲಿ ಓಪನ್ ಸೋರ್ಸ್ ಅಂತ ಕುಣಿಯೋ ನಮಗೆ ಇದಕ್ಕಿಂತ ಇನ್ನೇನು ಬೇಕು? ಆದ್ರೆ ಅಲ್ಲೂ ಹಂತ ಒಂದು ಅಂದ್ರೆ ಓದೋಕೆ ಶುರು ಮಾಡಿದ ಮಗುವಿನ ಹಂತ. ನಾನು ಮಾಡೋದು ಇಷ್ಟು: ಪುಟಕ್ಕೊಂದು ದೊಡ್ಡ ಚಿತ್ರ ಇರೋದನ್ನ ಆರಿಸ್ತೀನಿ, ಇರೋ ವಾಕ್ಯ ತೆಗೆದು ಒಂದೇ ಕ್ರಿಯಾಪದ ಉಳಿಸ್ತೀನಿ. ತುಳಿಕಾದವರ ಕನ್ನಡ-ಇಂಗ್ಲಿಷ್ ಎರಡೂ ಇರೋ ಪುಸ್ತಕಗಳೂ ಚೆನ್ನಾಗಿವೆ, ಚಿತ್ರಗಳಲ್ಲಿ ನಮ್ಮ ಥರದ ಜನ ಇರ್ತಾರೆ. ಅವು ಇನ್ನೊಂದು ವರ್ಷಕ್ಕೆ ಅಂತ ಎತ್ತಿಟ್ಟಿದ್ದೀನಿ.

ಈಗ ಮನೇಲಿ ದಿನಾ ಓಡಾಡ್ತಿರೋದು ನಾವೇ ಮಾಡಿದ್ದು. ಮೊಬೈಲಿನಲ್ಲಿ ತೆಗೆದ ಹನ್ನೆರಡು ಫೋಟೋ, ಮೂಲೆಯ ಜೆರಾಕ್ಸ್ ಅಂಗಡೀಲಿ ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ಎಡಪುಟ ಖಾಲಿ, ಬಲಪುಟದಲ್ಲಿ ಚಿತ್ರ. ಚೆಂಡು, ಅಜ್ಜಿಯ ಕನ್ನಡಕ, ಹಾಲಿನ ಪ್ಯಾಕೆಟ್ಟು, ನಮ್ಮ ಗೇಟಿನ ಎದುರು ನಿಲ್ಲೋ ಹಸು, ಆಟೋ, ಕಾಗೆ, ಬಾಳೆಹಣ್ಣಿನ ಗಾಡಿ. ಆರರಲ್ಲಿ ‘ಬಿತ್ತು’, ಆರರಲ್ಲಿ ‘ಬಂತು’. ಹಾಲಿನ ಪ್ಯಾಕೆಟ್ ಬೀಳಿಸಿ ಫೋಟೋ ತೆಗೆದದ್ದಕ್ಕೆ ಮನೇಲಿ ಬೈಸಿಕೊಂಡಿದ್ದೂ ಆಯ್ತು. ಮೂರನೇ ವಾರದಲ್ಲಿ ‘ಆಟೋ...’ ಅಂತ ನಿಲ್ಲಿಸಿದಾಗ ‘ಬಂ’ ಅಂದ. ‘ತು’ ಇನ್ನೂ ಬಂದಿಲ್ಲ. ಥೆರಪಿಸ್ಟ್ ಅದನ್ನ ಏಳನೇ ಪದ ಅಂತ ಬರೆದುಕೊಂಡ್ರು.

ಮುಂದಿನ ಪುಸ್ತಕ ಮಗುಮಾತಿನದ್ದು ಮಾಡಬೇಕು ಅಂತಿದ್ದೀನಿ. ಮಮ್ಮು, ತಾಚಿ, ಟಾಟಾ, ಅಂಬಾ ನಮ್ಮ ಕಡೆಯವು. ಧಾರವಾಡದ ಕಡೆ, ಮಂಗಳೂರು, ಕಾಸರಗೋಡು, ಕುಂದಾಪುರದ ಕಡೆ ಬೇರೆ ಇರಬೇಕು. ನಿಮ್ಮ ಮನೇಲಿ ನೀರಿಗೆ, ನಿದ್ದೆಗೆ, ಗಾಯಕ್ಕೆ ಮಕ್ಕಳ ಹತ್ರ ಏನಂತಾರೆ? ಅಜ್ಜಿಯನ್ನ ಕೇಳಿ ಹೇಳಿ.